ಮಂಜಿನ ಮೂಲ: ವೆಂಕಟಪ್ಪನವರ ಉದಕಮಂಡಲ ಚಿತ್ರಗಳನ್ನು ಕುರಿತು

ಕೆ. ವೆಂಕಟಪ್ಪನವರ (1886-1965) ನಿಸರ್ಗಚಿತ್ರಗಳ ಪ್ರಸ್ತಾಪ ಬಂದಾಗಲೆಲ್ಲ ಅವನ್ನು ಬಂಗಾಳ ಶೈಲಿಯ ಒಂದು ಕವಲೆಂದು ಗುರುತಿಸಿ ಮುಂದೆ ಸಾಗುವುದು ನಮ್ಮ ಕಲಾವಿಮರ್ಶೆಯಲ್ಲಿ ರೂಢಿಯಾಗಿದೆ. ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದವರು. ಉದಕಮಂಡಲದ ಚಿತ್ರಗಳಲ್ಲಿ ಮಂಜು ಇದೆ. ಆದುದರಿಂದ ಆ ಮಂಜು ಕಲ್ಕತ್ತೆಯದು. ವಾದದ ಸರಣಿ ಇಷ್ಟೇ. ಇದನ್ನು ನಾವು ಒಪ್ಪಲಾರೆವು. ಮಾಧ್ಯಮದ ವರ್ತನೆಯನ್ನು ಗಮನಿಸದೆ ಹುಟ್ಟಿಕೊಂಡ ತೀರ್ಮಾನವಿದು.

ಬಂಗಾಳದ 'ವಾಶ್' ಪದ್ಧತಿ 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿನ ಯೊಕೊಯಾಮ ತೈಕಾನ್, ಹಿಶಿದ ಶುನ್ಸೊ ಅವರ ಒಡನಾಟದಲ್ಲಿ ರೂಪುಗೊಂಡದ್ದು. ಬಣ್ಣ ಹಚ್ಚಿದ ಹಾಳೆಯನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಚ್ಚುವುದು ಅದರ ಕ್ರಮ. ಹೀಗೆ ಹಲವು ಸಲ ತೊಯ್ದ ಹಾಳೆಯಲ್ಲಿ ಮರಕ್ಕೂ ಮುಖಕ್ಕೂ ಸೆರಗಿಗೂ ಒಂದೇ ಮಬ್ಬು ಆವರಿಸುತ್ತದೆ. ಅದು ಭಾವದ ಮುಸುಕು. ಯಾವ ಊರಿನ, ಯಾವ ಹೊತ್ತಿನ ಮಂಜೆಂದು ಅದನ್ನು ಕೇಳುವಂತಿಲ್ಲ.

1920ರ ದಶಕದ ಉದಕಮಂಡಲದ ಜಲವರ್ಣಗಳಲ್ಲಾದರೋ ಮಂಜಿಗೆ ನೆಲೆಯಿದೆ, ಹೊತ್ತಿದೆ. ಮುಂದಿನ ಮರ ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ. ದೂರದ ಸಾಲು ಮಾತ್ರ ನೀಲಿಯ ತೆಳುಛಾಯೆಗೆ ಇಳಿಯುತ್ತದೆ. ಮಳೆಗಾಲದ ಮೋಡ ಬೇರೆ, ಬೆಳದಿಂಗಳ ಮಸುಕು ಬೇರೆ. ವೆಂಕಟಪ್ಪನವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದವರೆಂಬುದನ್ನು ಇಲ್ಲಿ ನೆನೆಯಬೇಕು. ಕಿರಿದಾದ ಆಳದಲ್ಲಿ ಹಿಂದು ಮುಂದುಗಳನ್ನು ಅಳೆದಿಡುವ ಆ ಶಿಸ್ತೇ ಈ ಗುಡ್ಡಸಾಲುಗಳಲ್ಲಿಯೂ ದುಡಿದಿದೆಯೆಂಬುದು ನಮ್ಮ ಊಹೆ. ಕೆಲವು ಚಿತ್ರಗಳಲ್ಲಿ ಬ್ರಿಟಿಷರ ಗಿರಿಧಾಮಚಿತ್ರಗಳ ಅತಿಯಾದ ಅಚ್ಚುಕಟ್ಟು ಉಳಿದಿದೆಯೆಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ.

ಹೋಲಿಕೆಗಾಗಿ ರುಮಾಲೆ ಚೆನ್ನಬಸವಯ್ಯನವರನ್ನು (1910-1988) ನೋಡಬಹುದು. ಜಲವರ್ಣ, ತೈಲವರ್ಣ ಎರಡರಲ್ಲಿಯೂ ಬೆಂಗಳೂರಿನ ಹೂಮರಗಳನ್ನು ಬರೆದವರು ಅವರು. ಜಲವರ್ಣದಲ್ಲಿ ಬೆಳಕೆಂದರೆ ಕಲಾವಿದನು ಮುಟ್ಟದೆ ಬಿಟ್ಟ ಕಾಗದ. ತೈಲವರ್ಣದಲ್ಲಿ ಅವನು ಮೆತ್ತಿದ ಬಣ್ಣ. ಕೆಂಪು ಹೂ ಹೊತ್ತು ಬಿಸಿಲಿನಲ್ಲಿ ನಿಂತ ಮರಕ್ಕೆ ಈ ಮೆತ್ತುವಿಕೆ ಒಗ್ಗುತ್ತದೆ. ಮಂಜಿಗೆ ಒಗ್ಗುವುದು ಕಷ್ಟ: ಕೈ ಸ್ವಲ್ಪ ಭಾರವಾದರೂ ಮಂಜು ಹೋಗಿ ಸುಣ್ಣವಾಗುತ್ತದೆ. ವೆಂಕಟಪ್ಪನವರು ಉದಕಮಂಡಲದಲ್ಲಿ ಜಲವರ್ಣವನ್ನೇ ಹಿಡಿದದ್ದು ಗುರುಪರಂಪರೆಯ ನಿಷ್ಠೆಯಿಂದ ಮಾತ್ರವಲ್ಲ, ಎದುರಿಗಿದ್ದ ಹವೆಯ ಅಗತ್ಯದಿಂದ ಎಂದು ನಮಗೆ ತೋರುತ್ತದೆ.

ಹೊರನಾಡಿನ ಸಂಶೋಧಕರು ಈ ಕೃತಿಗಳನ್ನು ಹೆಚ್ಚಾಗಿ ಅಚ್ಚಿನಲ್ಲಿ ನೋಡುತ್ತಾರೆ. ಅಚ್ಚಿನಲ್ಲಿ ಕಾಗದದ ಬಿಳುಪಿನ ಮೇಲೆ ಒಂದು ತೆಳುಬಣ್ಣ ಕುಳಿತು ಎಲ್ಲವೂ 'ವಾಶ್' ಆಗಿಯೇ ಕಾಣುತ್ತದೆ. ಮೇಲೆ ಹೇಳಿದ ರೂಢಿಯ ಅಭಿಪ್ರಾಯಕ್ಕೆ ಇದೂ ಒಂದು ಕಾರಣವಿರಬೇಕು. ಅವನೀಂದ್ರರ ಮೂಲಕೃತಿಗಳು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿವೆ. ವೆಂಕಟಪ್ಪನವರವು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಎರಡನ್ನೂ ನೋಡುವವರು ಮೊದಲು ಆಕಾಶವನ್ನಲ್ಲ, ಮರದ ಬುಡವನ್ನು ನೋಡಬೇಕು: ಮಬ್ಬು ಅಲ್ಲಿಯವರೆಗೂ ಇಳಿದಿದೆಯೇ, ಇಲ್ಲವೇ?