ಮೊದಲು ಸಾಣೆ, ಆಮೇಲೆ ಉಳಿ

ಮರದಚ್ಚಿನ ಚಿತ್ರವನ್ನು ಬಹುಕಾಲ ಬಿಟ್ಟು ಮತ್ತೆ ಹಿಡಿದಾಗ ಚಿತ್ರ ಬರೆಯುವ ಕೈ ಬೇಗ ಒಗ್ಗುತ್ತದೆ. ಸಾಣೆ ಹಿಡಿಯುವ ಕೈ ಸತಾಯಿಸುತ್ತದೆ. ‘ವಿ’ ಉಳಿಯ ಎರಡೂ ಪಕ್ಕಗಳನ್ನು ಒಂದೇ ಕೋನದಲ್ಲಿ ಎಣ್ಣೆಕಲ್ಲಿಗೆ ಕೊಡಬೇಕು. ಒಂದು ಪಕ್ಕ ತುಸು ಹೆಚ್ಚು ಸವೆದರೂ ಉಳಿ ಮರವನ್ನು ಕೊರೆಯದೆ ಸಿಗಿಯುತ್ತದೆ. ಎಳೆ ಉದ್ದಕ್ಕೆ ಕಿತ್ತು ಬರುತ್ತದೆ, ಉಳಿಯಬೇಕಿದ್ದ ಕಪ್ಪು ಗೆರೆಯೂ ಅದರೊಂದಿಗೆ ಹೋಗುತ್ತದೆ. ಮರಳಿ ಬರುವವರು ಮೊದಲ ಕೆಲವು ದಿನಗಳನ್ನು ಕಲ್ಲಿಗೇ ಕೊಡಲಿ.

ಹೊಸ ಹಲಗೆಗೆ ಕೈಹಾಕುವ ಮೊದಲು ಹಳೆಯದೊಂದನ್ನು ಅಚ್ಚು ತೆಗೆದು ನೋಡುವುದೂ ಒಳ್ಳೆಯದು. ಕೋಲಾರ ಚಿನ್ನದ ಗಣಿ ಪ್ರದೇಶದ ಕೋರಮಂಡಲ್‌ನ ನಮ್ಮ ಮನೆಯ ಅಟ್ಟದಲ್ಲಿ ನಾನು ಕೊರೆದ ಮಾವಿನ ಹಲಗೆಯೊಂದು ಉಳಿದಿತ್ತು. ಶಾಫ್ಟಿನ ಮೇಲಿನ ಉಕ್ಕಿನ ಗೋಪುರ, ಅದರ ತುದಿಯಲ್ಲಿ ಗಾಲಿಗಳು, ಹಿಂದೆ ಪೂರ್ತಿ ಕಪ್ಪು ಆಕಾಶ. ಗಣಿ ನಡೆಯುತ್ತಿದ್ದ ಕಾಲದ ಕೆಲಸ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು; ಆ ವರ್ಷಗಳಲ್ಲೇ ನಾನೂ ಉಳಿ ಕೆಳಗಿಟ್ಟಿದ್ದೆ. ಹಲಗೆ ಈಗ ಕೊಂಚ ಬಾಗಿದೆ, ಕುಟ್ಟೆ ಹಿಡಿದಿದೆ.

ಆಫ್‌ಸೆಟ್ ಪ್ರೆಸ್ಸಿನವರು ಬಳಸುವ ಕಪ್ಪು ಶಾಯಿಯನ್ನೇ ಗಾಜಿನ ಮೇಲೆ ಹರಡಿ ರೋಲರ್ ಓಡಿಸಿದೆ. ಶಾಯಿ ಹೆಚ್ಚಾದರೆ ಚಪಚಪ ಎನ್ನುತ್ತದೆ, ಹದಕ್ಕೆ ಬಂದಾಗ ಸಣ್ಣಗೆ ಸುಯ್ ಎನ್ನುತ್ತದೆ. ಆ ಸದ್ದು ಕಿವಿಗೆ ಮರೆತಿರಲಿಲ್ಲ. ಕಾಗದ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ಅಂಗುಲ ಅಂಗುಲವಾಗಿ ತಿಕ್ಕಿ, ಒಂದು ಮೂಲೆ ಎತ್ತಿ ನೋಡಿದರೆ ಗೋಪುರ ಗಟ್ಟಿಯಾಗಿ ನಿಂತಿತ್ತು. ಕುಟ್ಟೆ ಕೊರೆದ ತೂತುಗಳು ಆಕಾಶದ ತುಂಬ ಬಿಳಿ ಚುಕ್ಕೆಗಳಾಗಿದ್ದವು. ಮರದ ಪುಡಿ, ಫೆವಿಕಾಲ್ ಕಲಸಿ ಅವನ್ನು ಮುಚ್ಚಬಹುದಿತ್ತು. ಮುಚ್ಚಲು ಮನಸ್ಸು ಬರಲಿಲ್ಲ.

ಕಲಿಯುವವರಿಗೆ ಎಂಡಿಎಫ್ ಸಾಕು, ಅದರಲ್ಲಿ ಎಳೆಯ ಕಾಟವಿಲ್ಲ. ಮರಳಿ ಬಂದವರಿಗೆ ಮಾತ್ರ ಎಳೆಯಿರುವ ಮರವೇ ಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ನಯವಾದ ಗೆರೆ ಬೇಕಿದ್ದರೆ ಚನ್ನಪಟ್ಟಣದ ಬೊಂಬೆಯವರ ಹಾಲೆಮರವಿದೆ. ಆದರೆ ಶ್ರೀನಿವಾಸಪುರದ ಮಾವಿನ ತೋಪುಗಳಿರುವ ಜಿಲ್ಲೆಯಲ್ಲಿ ಮಾವನ್ನು ಬಿಡುವುದೇಕೆ? ಅದು ಒರಟು, ಸಣ್ಣ ಗೆರೆಗೆ ಒಲಿಯದು. ಅಗಲವಾದ ಕಪ್ಪಿಗೆ ಅದರಷ್ಟು ಚೆನ್ನಾದದ್ದನ್ನು ನಾನು ಕಂಡಿಲ್ಲ. ಸಣ್ಣ ಗೆರೆಯ ಮಾತೇ ಬೇರೆ: ಜಪಾನಿನ ಚಿತ್ರಕಾರ ಹಿರೋಶಿಗೆ 1857ರಲ್ಲಿ ತನ್ನ ಚಿತ್ರದ ಸೇತುವೆಯ ಮೇಲೆ ಸುರಿಸಿದ ಕೂದಲೆಳೆಯ ಮಳೆಯನ್ನು ಕೊರೆದದ್ದು ಕೊರೆಯುವುದನ್ನೇ ಕಸುಬಾಗಿಸಿಕೊಂಡವರು. ಬರೆಯುವವನು, ಕೊರೆಯುವವನು, ಅಚ್ಚು ಹಾಕುವವನು ಅಲ್ಲಿ ಬೇರೆ ಬೇರೆ. ಒಂಟಿಯಾಗಿ ಕೂತು ಕೊರೆಯುವ ನಮ್ಮಂಥವರಿಗೆ ಜಪಾನಿನವನೇ ಆದ ಮುನಾಕಾತ ಶಿಕೊ ಹತ್ತಿರದವನು. ಕಣ್ಣು ತೀರಾ ಮಂದವಾಗಿದ್ದ ಅವನು ಹಲಗೆಗೆ ಮುಖವೊಡ್ಡಿ ರಭಸದಿಂದ ಕೊರೆಯುತ್ತಿದ್ದ. 1956ರ ವೆನಿಸ್ ಬಿನಾಲೆಯಲ್ಲಿ ಅಚ್ಚುಚಿತ್ರಕ್ಕೆ ದೊಡ್ಡ ಬಹುಮಾನ ಅವನಿಗೇ ಬಂತು.

ನಮ್ಮಲ್ಲೇ ನೋಡುವುದಾದರೆ ಸೋಮನಾಥ ಹೋರ್ ಇದ್ದಾರೆ. 1946ರಲ್ಲಿ ಬಂಗಾಳದ ತೇಭಾಗಾ ರೈತ ಹೋರಾಟದ ನಡುವೆ ಓಡಾಡಿ, ಕಂಡ ಮುಖಗಳನ್ನು ಮರದಚ್ಚಿಗೆ ತಂದವರು. ಗಣಿ ಕಾರ್ಮಿಕರ ಲೈನ್‌ಮನೆಗಳ ಮುಂದೆ ಹಾದುಹೋಗುವಾಗಲೆಲ್ಲ ಹೋರ್ ಅವರ ಅಚ್ಚುಗಳ ಕಪ್ಪು ನೆನಪಾಗುತ್ತದೆ. ತಗ್ಗು ಮಾಡು, ಒಂದಕ್ಕೊಂದು ಅಂಟಿದ ಬಾಗಿಲುಗಳು, ಒಳಗೆ ಕತ್ತಲು. ಈ ಮನೆಗಳನ್ನು ಜಲವರ್ಣದಲ್ಲಿ ಬರೆದರೆ ಸುಳ್ಳು ಚೆಲುವು ಬಂದುಬಿಡುತ್ತದೆ. ನನ್ನ ಮುಂದಿನ ಹಲಗೆ ಅವಕ್ಕೇ.

ನಮ್ಮೂರಿನವರಿಗೆ ಒಂದು ಎಚ್ಚರಿಕೆ: ಎಣ್ಣೆಶಾಯಿಯ ಅಚ್ಚು ಒಣಗಲು ದಿನಗಳೇ ಬೇಕು. ಆಷಾಢದ ಗಾಳಿಗೆ ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಏಳುವ ದೂಳು ಮುಚ್ಚಿದ ಕಿಟಕಿಯ ಸಂದಿನಲ್ಲೂ ನುಗ್ಗಿ ಹಸಿ ಕಪ್ಪಿನ ಮೇಲೆ ಕೂರುತ್ತದೆ, ಒರೆಸಿದರೆ ಚಿತ್ರವೇ ಹಾಳು. ಆ ದಿನಗಳಲ್ಲಿ ಕೊರೆಯುವ ಕೆಲಸ ಮಾಡಿಕೊಳ್ಳಿ; ಅಚ್ಚು ಹಾಕುವುದನ್ನು ಗಾಳಿ ಇಳಿದ ಮೇಲಕ್ಕೆ ಇಟ್ಟುಕೊಳ್ಳಿ.