ಮುಡಿಯಲಾಗದ ಹೂ

ಹೂವಿನ ಗಿಡ ತಂದವರನ್ನು ನಮ್ಮಲ್ಲಿ ಮೊದಲು ಕೇಳುವುದು, ಪೂಜೆಗೆ ಆಗುತ್ತದಾ ಅಂತ. ಆಮೇಲೆ, ಮುಡಿಯಬಹುದಾ ಅಂತ. ಮೂನ್‌ಫ್ಲವರ್ ಎರಡರಲ್ಲೂ ಫೇಲು. ಕತ್ತಲಾಗುವಾಗ ಅರಳಿ, ದೇವರಿಗೆ ಹೂ ಕೊಯ್ಯುವ ಹೊತ್ತಿಗೆ ಜೋತುಬಿದ್ದಿರುತ್ತದೆ. ಕಿತ್ತರೆ ಕೈಯಲ್ಲೇ ಸೊರಗುತ್ತದೆ, ಕಟ್ಟುವ ಮಾತಂತೂ ದೂರ. ಹೀಗಿದ್ದೂ, ಬಾಲ್ಕನಿಗೆ ಒಂದೇ ಒಂದು ಬಳ್ಳಿ ಹೇಳಿ ಅಂದವರಿಗೆ ನಾನು ಹೇಳುವುದು ಇದನ್ನೇ. ಷರತ್ತು ಒಂದುಂಟು: ಸಂಜೆ ಆರೂವರೆಗೆ ನೀವು ಮನೆಯಲ್ಲಿರಬೇಕು.

ಈ ಬಳ್ಳಿಯ ಸೊಗಸೆಲ್ಲ ಅರಳುವ ಆ ಕೆಲವೇ ನಿಮಿಷಗಳಲ್ಲಿದೆ. ಬೆರಳುದ್ದದ ಮೊಗ್ಗು ಮಡಿಸಿದ ಕೊಡೆಯ ಹಾಗೆ ತಿರುಚಿಕೊಂಡಿರುತ್ತದೆ. ಹೊರಗೆ ಕಾಣುವುದು ತಿಳಿಹಸಿರು ಛಾಯೆಯ ಐದು ಪಟ್ಟಿಗಳು, ಅವುಗಳ ಸಂದಿಯಲ್ಲಿ ಬಿಳಿ ಒಳಗೆ ಮಡಚಿಕೊಂಡಿರುತ್ತದೆ. ಬೆಳಕು ಇಳಿದಂತೆ ತುದಿ ಸಡಿಲವಾಗುತ್ತದೆ. ಗಾಳಿಯಿಲ್ಲದಿದ್ದರೂ ಮೊಗ್ಗು ಸಣ್ಣಗೆ ನಡುಗುತ್ತದೆ. ತಿರುಚು ಒಂದಿಷ್ಟು ಬಿಚ್ಚುತ್ತದೆ, ನಿಲ್ಲುತ್ತದೆ, ಮತ್ತೊಂದಿಷ್ಟು ಬಿಚ್ಚುತ್ತದೆ. ಆಮೇಲೆ ಒಮ್ಮೆಲೇ ಅಂಗೈಯಗಲದ ಬಿಳಿ ತಟ್ಟೆ! ಆ ಐದು ಪಟ್ಟಿಗಳು ಈಗ ನಡುವೆ ನಕ್ಷತ್ರವಾಗಿ ಉಳಿದಿರುತ್ತವೆ. ಫೋನ್ ತೆಗೆದು ಕ್ಯಾಮೆರಾ ಸರಿಮಾಡುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ, ಹಾಗಾಗಿ ಫೋನ್ ಒಳಗಿಟ್ಟು ಬರುವುದೇ ಒಳ್ಳೆಯದು.

ಬ್ರಹ್ಮಕಮಲ ಅರಳುವ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು, ಆರತಿ ಎತ್ತಿ, ಕಾಫಿ ಕೊಟ್ಟು ಕಳಿಸುವ ಮನೆಗಳಿವೆ. ಬೇಡ ಅನ್ನುವುದಿಲ್ಲ. ಆದರೆ ಕಾಲ ಬಂದಾಗ ದಿನಾ ಸಂಜೆ ಅದೇ ಬೆರಗು ಕೊಡುವ ಈ ಬಳ್ಳಿಗೆ ಯಾರೂ ಕಾಫಿ ಕಾಸುವುದಿಲ್ಲ ಎನ್ನುವುದು ನನ್ನ ಹಳೆಯ ತಕರಾರು. ಪರಿಮಳದಲ್ಲೂ ಇದು ಮರ್ಯಾದಸ್ಥ. ರಾತ್ರಿರಾಣಿಯ ಹಾಗೆ ತಲೆನೋವು ಬರಿಸುವುದಿಲ್ಲ, ಹತ್ತಿರ ಹೋದವರಿಗಷ್ಟೇ ಸಿಗುತ್ತದೆ.

ಗೆಣಸು, ಕಡಲತೀರದ ಮರಳಲ್ಲಿ ಹಬ್ಬುವ ಅಡುಂಬು ಬಳ್ಳಿ, ಬೇಲಿಯ ನೀಲಿ ಮಾರ್ನಿಂಗ್ ಗ್ಲೋರಿ ಎಲ್ಲ ಇದರ ದಾಯಾದಿಗಳು. ಸಸ್ಯಶಾಸ್ತ್ರದಲ್ಲಿ ಇದು ಐಪೋಮಿಯ ಆಲ್ಬ, ತವರು ಅಮೆರಿಕ ಖಂಡದ ಉಷ್ಣವಲಯ. ಆದರೆ 1753ರಲ್ಲಿ ಲಿನಿಯಸ್ ಈ ಹೆಸರಿಟ್ಟಾಗ ಆಧಾರವಾಗಿ ಹಿಡಿದದ್ದು ಮಲಬಾರಿನ ಚಿತ್ರವೊಂದನ್ನು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್'ನ ಹನ್ನೊಂದನೆಯ ಸಂಪುಟದಲ್ಲಿ 'ಮುಂಡವಳ್ಳಿ' ಎಂಬ ಹೆಸರಿನಲ್ಲಿ ಅದು ಇದೆ. ಆ ಸಂಪುಟ ಅಚ್ಚಾದದ್ದು 1692ರಲ್ಲಿ. ಇಟ್ಟಿ ಅಚ್ಯುತನ್ ವೈದ್ಯರ ಜೊತೆಗೆ ರಂಗಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರೂ ದುಡಿದ ಗ್ರಂಥ ಅದು. ಅಂದರೆ ಈ ಬಳ್ಳಿ ಅಷ್ಟರಲ್ಲಾಗಲೇ ಕಡಲು ದಾಟಿ ನಮ್ಮ ಪಡುವಣ ಕರಾವಳಿಯಲ್ಲಿ ಬೇರೂರಿತ್ತು.

ತವರಿನಲ್ಲಿ ಇದು ಬರೀ ಅಂದದ ಬಳ್ಳಿಯಾಗಿರಲಿಲ್ಲ. ಮೆಕ್ಸಿಕೊದ ಪ್ರಾಚೀನ ಜನ ಕ್ಯಾಸ್ಟಿಲ್ಲಾ ಮರದ ಹಾಲಿಗೆ ಈ ಬಳ್ಳಿಯನ್ನು ಜಜ್ಜಿ ಹಿಂಡಿದ ರಸ ಬೆರೆಸಿ ರಬ್ಬರ್ ಮಾಡುತ್ತಿದ್ದರು. ಎಲ್ ಮನಾಟಿ ಎಂಬಲ್ಲಿ ಕೆಸರಿನಡಿ ಸಿಕ್ಕ ರಬ್ಬರ್ ಚೆಂಡುಗಳು ಕ್ರಿ.ಪೂ. 1600ರ ಸುಮಾರಿನವು. ಮರದ ಹಾಲು ಹಾಗೇ ಒಣಗಿದರೆ ಪೆಡಸಾಗುತ್ತದೆ. ಈ ರಸ ಸೇರಿದರೆ ಪುಟಿಯುತ್ತದೆ. 1999ರಲ್ಲಿ ಎಂಐಟಿಯ ಡೊರೊತಿ ಹಾಸ್ಲರ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದಲೇ ತೋರಿಸಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಹಾಕಿ ರಬ್ಬರನ್ನು ಹದ ಮಾಡಿದ್ದು 1839ರಲ್ಲಿ, ಅಷ್ಟು ತಡವಾಗಿ.

ಬೆಳೆಸುವುದಕ್ಕೆ ಹೆಚ್ಚು ಹೇಳುವುದಿಲ್ಲ. ಬೀಜದ ಸಿಪ್ಪೆ ಗಟ್ಟಿ. ಒಂದು ಮಗ್ಗುಲನ್ನು ಉಪ್ಪುಕಾಗದದಲ್ಲಿ ಉಜ್ಜಿ, ರಾತ್ರಿ ನೆನೆಹಾಕಿ ಬಿತ್ತಬೇಕು. ಮಳೆಗಾಲದ ಮೊದಲೇ ಬಿತ್ತಿದರೆ ಮಳೆ ತೆರಪಾಗುವ ಹೊತ್ತಿಗೆ ಹೂ. ಹತ್ತಲು ಹಗ್ಗ ಕಟ್ಟಿ, ಬಿಸಿಲು ಬೀಳುವಲ್ಲಿಡಿ, ನೀರು ತಪ್ಪಿಸಬೇಡಿ. ಗೊಬ್ಬರದಲ್ಲಿ ಮಾತ್ರ ಜಿಪುಣರಾಗಿ. ನಮ್ಮವರು ಅಕ್ಕರೆಗೆ ಸಗಣಿ ಗೊಬ್ಬರ ಸುರಿದೂ ಸುರಿದೂ ಹೃದಯದಾಕಾರದ ಎಲೆಗಳ ಗೋಡೆಯನ್ನೇ ಎಬ್ಬಿಸುತ್ತಾರೆ, ಆಮೇಲೆ ಹೂವೇ ಇಲ್ಲ ಅಂತ ನರ್ಸರಿಯವನನ್ನು ಬೈಯುತ್ತಾರೆ. ಬೀಜ ವಿಷ, ಮಕ್ಕಳ ಕೈಗೆ ಸಿಗದಿರಲಿ.

ಹೂವಿನ ಕೊಳವೆ ಹತ್ತು ಸೆಂಟಿಮೀಟರಿನ ಆಸುಪಾಸು ಉದ್ದ. ತಳದ ಮಕರಂದ ಜೇನುನೊಣಕ್ಕೆ ಎಟುಕುವುದಿಲ್ಲ, ಅದಕ್ಕೆ ಬೇಕಾದದ್ದು ಹಾಕ್ ಮಾತ್. ನಮ್ಮಲ್ಲಿ ಬರುವ ಅಗ್ರಿಯಸ್ ಕನ್ವಾಲ್ವುಲಿ ಪತಂಗದ ಹೊಟ್ಟೆಯ ಇಕ್ಕೆಲದಲ್ಲಿ ಗುಲಾಬಿ ಪಟ್ಟಿಗಳು. ಅದು ಹೂವಿನ ಮೇಲೆ ಕೂರುವುದಿಲ್ಲ. ಎದುರಿಗೆ ಗಾಳಿಯಲ್ಲೇ ನಿಂತು, ತನ್ನ ಮೈಗಿಂತ ಉದ್ದದ ಸೊಂಡಿಲನ್ನು ಕೊಳವೆಗೆ ಇಳಿಸುತ್ತದೆ. ಇದೇ ಜಾತಿಯ ಪತಂಗ ಇದೇ ಬಳ್ಳಿಯ ಎಲೆಗೆ ಮೊಟ್ಟೆಯನ್ನೂ ಇಡಬಹುದು. ಬಾಲದಲ್ಲಿ ಕೊಂಬಿರುವ ದಪ್ಪ ಹುಳು ಕಂಡ ಕೂಡಲೇ ಔಷಧಿ ಹೊಡೆಯುವವರೇ ಆಮೇಲೆ ಪತಂಗ ಬರಲಿಲ್ಲ ಎಂದು ಕೊರಗುವುದು. ನಾಲ್ಕು ಎಲೆ ತಿಂದರೆ ತಿನ್ನಲಿ, ಬಳ್ಳಿ ವಾರದಲ್ಲಿ ಚಿಗುರುತ್ತದೆ.

ಚಿಗುರುವ ಆ ಶಕ್ತಿಗೇ ಹೆದರಬೇಕು ಕೂಡ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಇದು ಮರಗಳ ನೆತ್ತಿಗೆ ಹತ್ತಿ ಹೊದ್ದುಕೊಳ್ಳುವ ಕಳೆ. ಕೆರೆ ಏರಿಯ ಹತ್ತಿರವೋ ಕಾಡಂಚಿನ ತೋಟದಲ್ಲೋ ಇದನ್ನು ನೆಡಬೇಡಿ. ಕುಂಡವೇ ಸಾಕು. ಕಾಯಿ ಒಣಗಿ ಬಿರಿಯುವ ಮೊದಲೇ ಕೊಯ್ದಿಡಿ, ಕೇಳಿದವರಿಗೆ ನಾಲ್ಕು ಬೀಜ ಕೊಡಿ. ಕೊಡುವಾಗ ಆರೂವರೆಗೆ ಮನೆಯಲ್ಲಿರುತ್ತೀರಾ ಎಂದು ಕೇಳುವುದನ್ನು ಮರೆಯಬೇಡಿ.