ಚಾವಡಿಗೆ ಬರುವ ಹೂವಿನಕೋಲು

ಮಾತಿನ ಕಲೆಯನ್ನು ಮನೆಗೆ ಬರಮಾಡಿಕೊಳ್ಳಲು ರಂಗಸ್ಥಳವೇ ಬೇಕೆಂದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹೂವಿನಕೋಲನ್ನು ನೋಡಿ. ನವರಾತ್ರಿಯ ಹೊತ್ತಿಗೆ ಭಾಗವತರು, ಮದ್ದಲೆಯವರು, ಅವರೊಡನೆ ಹುಡುಗರು ಮನೆಮನೆಗೆ ಬರುತ್ತಾರೆ. ಮನೆಯವರು ಚಾವಡಿಯಲ್ಲಿ ಚಾಪೆ ಹಾಸಿ ದೀಪ ಹಚ್ಚಿದರೆ ಸಾಕು. ನಡುವೆ ಹೂವಿನಿಂದ ಅಲಂಕರಿಸಿದ ಕೋಲು. ಅರ್ಥ ಹೇಳುವ ಹುಡುಗರು ಎದುರುಬದುರು. ಮೊದಲು ಮನೆಗೆ ಶುಭ ಹಾರೈಕೆ, ಆಮೇಲೆ ಯಕ್ಷಗಾನ ಪ್ರಸಂಗದ ತುಣುಕು. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮುಗಿದೊಡನೆ ಮಾತು. ಒಬ್ಬನ ಮಾತು ಮುಗಿಯುವವರೆಗೆ ಇನ್ನೊಬ್ಬ ಕಾಯಬೇಕು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಬೇಕು. ಆಡುವುದರಷ್ಟೇ ಆಲಿಸುವುದೂ ಇಲ್ಲಿ ಕಲಿಕೆ. ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಟ್ಟು ಬೀಳ್ಕೊಡುವುದು ವಾಡಿಕೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹದವಾದ ಮಾತುಕತೆ ಬೇರೆಲ್ಲೂ ಸಿಗದು. ಈ ಸಲ ತಂಡ ಬಂದರೆ ಟೀವಿ ಆರಿಸಿ, ಮಕ್ಕಳನ್ನೂ ಕರೆದು ಕೂರಿಸಿಕೊಳ್ಳಿ.